ಹಗಲುವೇಷದ ಪತಂಗಗಳು

ಹಗಲುವೇಷದ ಕಲೆ ಕರ್ನಾಟಕದ ಹಳ್ಳಿಗಳಿಗೆ ಹೊಸದಲ್ಲ. ರಂಗಸ್ಥಳವಾಗಲಿ ತೆರೆಯಾಗಲಿ ಇಲ್ಲದೆ, ಪಾತ್ರಕ್ಕೆ ತಕ್ಕ ಬಣ್ಣ ಹಚ್ಚಿಕೊಂಡು ಬೀದಿಬೀದಿಯಲ್ಲಿ ಸುಳಿಯುವ ಕಲಾವಿದನಿಗೆ ಹಗಲಿನ ಬೆಳಕೇ ದೊಡ್ಡ ಪರೀಕ್ಷೆ. ರಾತ್ರಿಯ ದೀಪದಲ್ಲಿ ಮರೆಯಾಗಬಹುದಾದ ಕೊರತೆ ಬಿಸಿಲಿನಲ್ಲಿ ಎದ್ದು ಕಾಣುತ್ತದೆ. ಆದುದರಿಂದ ಅವನ ವೇಷ ಎಲ್ಲ ರೀತಿಯಿಂದಲೂ ಅಚ್ಚುಕಟ್ಟಾಗಿರಬೇಕು. ಪ್ರಕೃತಿಯಲ್ಲಿಯೂ ಇಂತಹ ಹಗಲುವೇಷಧಾರಿಗಳ ಒಂದು ದೊಡ್ಡ ಬಳಗವಿದೆ. ಪತಂಗವೆಂದರೆ ಇರುಳಿನಲ್ಲಿ ದೀಪಕ್ಕೆ ಮುತ್ತುವ ಕೀಟವೆಂಬುದು ಸಾಮಾನ್ಯ ಭಾವನೆ. ಆದರೆ ಈ ಬಳಗದ ಬಹುಪಾಲು ಪತಂಗಗಳು ಹಾರಾಡುವುದು ಹಗಲಿನಲ್ಲಿ. ಅವು ಧರಿಸಿರುವುದು ಕಣಜದ ಅಥವಾ ಜೇನ್ನೊಣದ ವೇಷ. ಅವುಗಳ ರೆಕ್ಕೆಗಳು ಗಾಜಿನಂತೆ ಪಾರದರ್ಶಕ. ಅದಕ್ಕಾಗಿಯೇ ಅವುಗಳಿಗೆ ಗಾಜುರೆಕ್ಕೆಯ ಪತಂಗಗಳೆಂಬ ಹೆಸರು ಒಪ್ಪುತ್ತದೆ. ವಿಜ್ಞಾನಿಗಳು ಈ ಕುಟುಂಬವನ್ನು ಸೀಸಿಯಿಡೀ ಎಂದು ಕರೆಯುತ್ತಾರೆ.

ಯೂರೋಪಿನಲ್ಲಿ ಬೇಸಗೆಯ ಮುಂಜಾನೆ ಪಾಪ್ಲರ್ ಮರದ ಬುಡದಲ್ಲಿ ಒಮ್ಮೊಮ್ಮೆ ಹಳದಿ ಕಪ್ಪು ಪಟ್ಟೆಗಳ ದಪ್ಪನಾದ ಕೀಟವೊಂದು ಕುಳಿತಿರುತ್ತದೆ. ಅದನ್ನು ಕಂಡವರು ದೊಡ್ಡ ಕಣಜವೆಂದು ಹೆದರಿ ಹಿಂದೆ ಸರಿಯುತ್ತಾರೆ. ಹಕ್ಕಿಗಳೂ ಅದರ ಗೊಡವೆಗೆ ಹೋಗಲು ಹಿಂಜರಿಯುತ್ತವೆ. ಆದರೆ ಆ ಕೀಟಕ್ಕೆ ಕೊಂಡಿಯಿಲ್ಲ, ವಿಷವಿಲ್ಲ, ಕಚ್ಚುವ ದವಡೆಯೂ ಇಲ್ಲ. ಅದು ಸೀಸಿಯ ಏಪಿಫಾರ್ಮಿಸ್ ಎಂಬ ನಿರಪಾಯಕಾರಿಯಾದ ಪತಂಗ. ಅದರ ಹುಳು ಎರಡು ಮೂರು ವರ್ಷಗಳ ಕಾಲ ಮರದ ಬುಡದ ಒಳಗಡೆ, ಯಾರ ಕಣ್ಣಿಗೂ ಬೀಳದೆ ಕೊರೆಯುತ್ತ ಬೆಳೆಯುತ್ತದೆ. ಪತಂಗವಾಗಿ ಹೊರಬಂದ ಮೇಲೆ ಅದರ ಆಯುಷ್ಯ ಕೆಲವೇ ದಿನಗಳದು.

ಚಿಟ್ಟೆಯನ್ನೋ ಪತಂಗವನ್ನೋ ಹಿಡಿದಾಗ ಬೆರಳಿಗೆ ಹುಡಿಯಂತಹ ವಸ್ತು ಅಂಟಿಕೊಳ್ಳುವುದುಂಟು. ಅದು ರೆಕ್ಕೆಯನ್ನು ಹೆಂಚುಗಳಂತೆ ಹೊದಿಸಿರುವ ಸೂಕ್ಷ್ಮವಾದ ಹುರುಪೆಗಳ ರಾಶಿ. ರೆಕ್ಕೆಯ ಬಣ್ಣವೆಲ್ಲ ಈ ಹುರುಪೆಗಳದೇ. ಗಾಜುರೆಕ್ಕೆಯ ಪತಂಗಗಳಲ್ಲಿ ರೆಕ್ಕೆಯ ಬಹುಭಾಗ ಹುರುಪೆಗಳಿಲ್ಲದೆ ಬರಿದಾಗಿರುತ್ತದೆ. ಅಂಚಿನಲ್ಲಿಯೂ ನರಗಳ ಮೇಲೆಯೂ ಮಾತ್ರ ಹುರುಪೆಗಳು ಉಳಿದಿರುತ್ತವೆ. ಕಿರಿದಾದ ರೆಕ್ಕೆ, ನೀಳವಾದ ಒಡಲು, ಒಡಲಿನ ಸುತ್ತ ಹಳದಿಯ ಅಥವಾ ಕೆಂಪಿನ ಪಟ್ಟಿ, ಇವೆಲ್ಲವೂ ಸೇರಿ ವೇಷ ಪೂರ್ಣಗೊಳ್ಳುತ್ತದೆ. ಕೆಲವು ಪ್ರಭೇದಗಳ ಹಿಂಗಾಲುಗಳಲ್ಲಿ ಕುಚ್ಚಿನಂತೆ ದಟ್ಟವಾದ ಹುರುಪೆಗಳಿದ್ದು, ಪರಾಗವನ್ನು ಹೊತ್ತ ಜೇನ್ನೊಣದ ಕಾಲುಗಳನ್ನು ನೆನಪಿಗೆ ತರುತ್ತವೆ. ಇಂತಹ 1,400ಕ್ಕೂ ಹೆಚ್ಚು ಪ್ರಭೇದಗಳನ್ನು ಇದುವರೆಗೆ ಗುರುತಿಸಲಾಗಿದೆ.

ಈ ವೇಷದ ಪ್ರಯೋಜನವೇನು? ಇಂತಹ ಪ್ರಶ್ನೆಗೆ ಉತ್ತರ ದೊರೆತುದು ಅಮೆಜಾನ್ ನದಿಯ ಕಾಡುಗಳಲ್ಲಿ. 1848ರಲ್ಲಿ ಹೆನ್ರಿ ವಾಲ್ಟರ್ ಬೇಟ್ಸ್ ಎಂಬ ಇಂಗ್ಲೆಂಡಿನ ತರುಣರು ತಮ್ಮ ಗೆಳೆಯರಾದ ಆಲ್ಫ್ರೆಡ್ ರಸೆಲ್ ವಾಲೇಸರೊಡನೆ ಅಲ್ಲಿಗೆ ಹೋದರು. ಬೇಟ್ಸರು ಹನ್ನೊಂದು ವರ್ಷಗಳ ಕಾಲ ಅಲ್ಲಿಯೇ ಉಳಿದು ಕೀಟಗಳನ್ನು ಸಂಗ್ರಹಿಸಿದರು. ಹಕ್ಕಿಗಳು ತಿನ್ನಲೊಲ್ಲದ, ಕೆಟ್ಟ ರುಚಿಯ ಚಿಟ್ಟೆಗಳ ನಡುವೆ ಅವುಗಳಂತೆಯೇ ಕಾಣುವ, ಆದರೆ ಬೇರೆ ಕುಟುಂಬಕ್ಕೆ ಸೇರಿದ ಚಿಟ್ಟೆಗಳು ಹಾರಾಡುವುದನ್ನು ಅವರು ಗಮನಿಸಿದರು. ಬಲಹೀನ ಜೀವಿಯೊಂದು ಶತ್ರುಗಳಿಗೆ ಬೇಡವಾದ ಜೀವಿಯ ರೂಪವನ್ನು ಹೋಲುವುದರಿಂದ ತಾನೂ ಉಳಿದುಕೊಳ್ಳುತ್ತದೆ ಎಂದು 1862ರಲ್ಲಿ ಪ್ರಕಟವಾದ ತಮ್ಮ ಲೇಖನದಲ್ಲಿ ವಿವರಿಸಿದರು. ಕಣಜದಿಂದ ಒಮ್ಮೆ ನೋವುಂಡ ಹಕ್ಕಿ ಹಳದಿ ಕಪ್ಪು ಪಟ್ಟೆಯನ್ನು ಮರೆಯುವುದಿಲ್ಲ. ಆ ನೆನಪೇ ಪತಂಗದ ರಕ್ಷೆ. ಪತಂಗವು ಈ ವೇಷವನ್ನು ಆಲೋಚಿಸಿ ತೊಟ್ಟುದಲ್ಲ. ಕಣಜವನ್ನು ಹೆಚ್ಚಾಗಿ ಹೋಲುತ್ತಿದ್ದ ಪತಂಗಗಳು ಉಳಿದು ಸಂತಾನವನ್ನು ಬೆಳೆಸಿದವು. ಹೋಲದವು ಶತ್ರುಗಳಿಗೆ ಆಹಾರವಾದವು. ಅಸಂಖ್ಯಾತ ತಲೆಮಾರುಗಳಲ್ಲಿ ಈ ಆಯ್ಕೆ ನಡೆದು ಹೋಲಿಕೆ ಇಷ್ಟು ನಿಖರವಾಯಿತು.

ಹಕ್ಕಿಗಳನ್ನು ಮರುಳುಗೊಳಿಸಿದ ಈ ವೇಷ ವಿದ್ವಾಂಸರಿಗೂ ತೊಡಕನ್ನು ಒಡ್ಡಿತು. ಜೀವಿಗಳಿಗೆ ಎರಡು ಪದಗಳ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದ ಸ್ವೀಡನ್ನಿನ ಲಿನೇಯಸರು 1758ರಲ್ಲಿ ತಮಗೆ ತಿಳಿದಿದ್ದ ಗಾಜುರೆಕ್ಕೆಯ ಪತಂಗವನ್ನು ಸ್ಫಿಂಕ್ಸ್ ಎಂಬ ಜಾತಿಯಲ್ಲಿ, ದೊಡ್ಡ ಗಾತ್ರದ ಹಾಕ್ ಪತಂಗಗಳ ಜೊತೆಯಲ್ಲಿಯೇ ಇರಿಸಿದರು. ಈ ಪತಂಗಗಳಿಗೆ ಆ ಕಾಲದಲ್ಲಿ ದೊರೆತ ಹೆಸರುಗಳೇ ಕುತೂಹಲಕರವಾಗಿವೆ. ಏಪಿಫಾರ್ಮಿಸ್ ಎಂದರೆ ಜೇನ್ನೊಣದ ಆಕಾರದ್ದು; ವೆಸ್ಪಿಫಾರ್ಮಿಸ್ ಎಂದರೆ ಕಣಜದ ಆಕಾರದ್ದು; ಕ್ಯುಲಿಸಿಫಾರ್ಮಿಸ್ ಎಂದರೆ ಸೊಳ್ಳೆಯ ಆಕಾರದ್ದು. ಹೀಗೆ ಪತಂಗಗಳ ಹೆಸರುಗಳಲ್ಲಿ ಪತಂಗದ ಲಕ್ಷಣಕ್ಕಿಂತ ಅವು ತೊಟ್ಟ ವೇಷವೇ ಹೆಚ್ಚಾಗಿ ದಾಖಲೆಯಾಯಿತು. 1775ರಲ್ಲಿ ಫ್ಯಾಬ್ರೀಶಿಯಸರು ಸೀಸಿಯ ಎಂಬ ಹೊಸ ಜಾತಿಯನ್ನು ಸ್ಥಾಪಿಸಿದರು. ಆದರೆ ಗಾಜುರೆಕ್ಕೆಯುಳ್ಳ ಹಾಕ್ ಪತಂಗಗಳಿಗೂ ಬಹುಕಾಲ ಅದೇ ಹೆಸರು ಬಳಕೆಯಲ್ಲಿದ್ದುದರಿಂದ ಗೊಂದಲ ಮುಂದುವರಿಯಿತು. ಕುಟುಂಬದ ಹೆಸರಿನಲ್ಲಿಯೂ ಒಮ್ಮತವಿರಲಿಲ್ಲ. ಉತ್ತರ ಅಮೆರಿಕದ ಈ ಪತಂಗಗಳನ್ನು ಕುರಿತು 1901ರಲ್ಲಿ ಗ್ರಂಥ ಬರೆದ ಬಾಯ್ಟನ್‌ಮುಲ್ಲರ್ ಅವರು ಸೀಸಿಯಿಡೀ ಎಂದು ಕರೆದರೆ, 1946ರಲ್ಲಿ ಪ್ರಕಟವಾದ ಎಂಗಲ್‌ಹಾರ್ಟ್ ಅವರ ಗ್ರಂಥ ಅವುಗಳನ್ನೇ ಈಜೀರಿಯಿಡೀ ಎಂದು ಕರೆಯಿತು. ಇಂದು ಸೀಸಿಯಿಡೀ ಎಂಬ ಹೆಸರೇ ನೆಲೆನಿಂತಿದೆ.

ತೊಡಕು ಎಂತಹುದೆಂಬುದನ್ನು ನಮ್ಮ ನಾಡಿನ ಉದಾಹರಣೆಗಳಿಂದಲೇ ತಿಳಿಯಬಹುದು. ದಕ್ಷಿಣ ಭಾರತದಲ್ಲಿ ಗಾಜಿನಂತಹ ರೆಕ್ಕೆಯ ಮೂರು ಬಗೆಯ ಪತಂಗಗಳಿವೆ. ಮೊದಲನೆಯದು ಹೂವಿನ ಮುಂದೆ ಗಾಳಿಯಲ್ಲಿ ನಿಂತಂತೆ ಹಾರುತ್ತ ಮಕರಂದ ಹೀರುವ ಸೆಫನೋಡಿಸ್ ಹೈಲಸ್. ಕೋಶದಿಂದ ಹೊರಬಂದಾಗ ಅದರ ರೆಕ್ಕೆಯ ಮೇಲೆ ಹುರುಪೆಗಳಿದ್ದು, ಹಾರತೊಡಗಿದ ಕೂಡಲೇ ಉದುರಿಹೋಗುತ್ತವೆ. ಎರಡನೆಯದು ಕಪ್ಪು ರೆಕ್ಕೆಯಲ್ಲಿ ಗಾಜಿನ ಕಿಟಕಿಗಳಂತಹ ಚುಕ್ಕೆಗಳೂ ಒಡಲಿನಲ್ಲಿ ಹಳದಿ ಪಟ್ಟಿಗಳೂ ಇರುವ ಅಮಾಟ. ಮೂರನೆಯದು ಸೀಸಿಯಿಡೀ ಕುಟುಂಬದ ಮೆಲಿಟಿಯ. ಮೇಲುನೋಟಕ್ಕೆ ಮೂರೂ ಒಂದೇ ಮನೆತನದವೆಂದು ತೋರಿದರೆ ಆಶ್ಚರ್ಯವಿಲ್ಲ. ಆದರೆ ಅವುಗಳ ಬಾಲ್ಯವನ್ನು ನೋಡಿದರೆ ಸತ್ಯ ಬೇರೆಯೇ ಆಗಿದೆ. ಸೆಫನೋಡಿಸ್ ಪತಂಗದ ಹಸಿರು ಹುಳು ಬಾಲದಲ್ಲಿ ಕೊಂಬನ್ನು ಹೊತ್ತು, ಕಾಫಿ ಮೊದಲಾದ ಗಿಡಗಳ ಎಲೆಗಳನ್ನು ಬಯಲಿನಲ್ಲಿಯೇ ಮೇಯುತ್ತದೆ. ಅಮಾಟದ ಮರಿ ಮೈತುಂಬ ರೋಮವಿರುವ ಕಂಬಳಿಹುಳು. ಮೆಲಿಟಿಯದ ಹುಳುವಾದರೋ ಬಿಳಿಚಿದ ಮೈಯದು. ಪಡವಲದಂತಹ ಬಳ್ಳಿಯ ಕಾಂಡದೊಳಗೆ ಅಡಗಿ ಕೊರೆಯುತ್ತದೆ. ವೇಷ ಒಂದೇ, ಮನೆತನ ಮೂರು. ಬೇರೆ ಬೇರೆ ಕುಟುಂಬಗಳ ಜೀವಿಗಳು ಒಂದೇ ಬಗೆಯ ಅವಶ್ಯಕತೆಗೆ ಒಳಗಾದಾಗ ಒಂದೇ ಬಗೆಯ ರೂಪವನ್ನು ಪಡೆಯಬಲ್ಲವು. ಆದುದರಿಂದ ಹೋಲಿಕೆಯೆಲ್ಲವೂ ಬಂಧುತ್ವದ ಗುರುತಲ್ಲ.

ಹಾಗಾದರೆ ಬಂಧುತ್ವವನ್ನು ಗೊತ್ತುಮಾಡುವುದು ಹೇಗೆ? ಶತ್ರುವಿನ ಕಣ್ಣಿಗೆ ಬೀಳದ ಅಂಗಗಳಲ್ಲಿ ವೇಷದ ಪ್ರಭಾವ ಕಡಿಮೆ. ವಿಜ್ಞಾನಿಗಳು ಅಲ್ಲಿ ಹುಡುಕಿದರು. ರೆಕ್ಕೆಯ ನರಗಳು ಹೇಗೆ ಕವಲೊಡೆದಿವೆ, ಕುಡಿಮೀಸೆಯ ತುದಿ ಹೇಗಿದೆ, ಸಂತಾನಾಂಗಗಳ ರಚನೆ ಎಂತಹುದು ಎಂಬುದನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿದರು. ಸೀಸಿಯಿಡೀ ಕುಟುಂಬದಲ್ಲಿ ಮುಂರೆಕ್ಕೆಯ ಹಿಂಬದಿಯ ಅಂಚು ಕೆಳಕ್ಕೆ ಮಡಿಸಿಕೊಂಡು, ಹಿಂರೆಕ್ಕೆಯ ಮುಂಬದಿಯ ಅಂಚಿನೊಡನೆ ಸೇರಿ ಅಗುಳಿಯಂತೆ ಬಿಗಿಯುತ್ತದೆ. ಹಾರುವಾಗ ಎರಡು ರೆಕ್ಕೆಗಳೂ ಒಂದಾಗಿ ಬಡಿಯುತ್ತವೆ. ಈ ಅಗುಳಿಯು ಕುಟುಂಬದ ಮುಖ್ಯ ಗುರುತುಗಳಲ್ಲಿ ಒಂದು. ಈಚಿನ ದಶಕಗಳಲ್ಲಿ ಜೀವಕೋಶದೊಳಗಿನ ಡಿ.ಎನ್.ಎ.ಯನ್ನು ಹೋಲಿಸಿ ನೋಡುವ ವಿಧಾನವೂ ಇವುಗಳ ಜೊತೆಗೆ ಸೇರಿದೆ.

ಇಷ್ಟು ಶ್ರಮದ ವರ್ಗೀಕರಣದಿಂದ ಆಗುವ ಲಾಭವೇನೆಂಬ ಸಂದೇಹ ಬರಬಹುದು. ವರ್ಗೀಕರಣವೆಂದರೆ ಕೇವಲ ಹೆಸರುಗಳ ಪಟ್ಟಿಯಲ್ಲ. ಭಾರತದಲ್ಲಿ ಪಡವಲ ಬಳ್ಳಿಯ ಕಾಂಡವನ್ನು ಕೊರೆಯುವ ಮೆಲಿಟಿಯದ ಹತ್ತಿರದ ಬಂಧುವೊಂದು ಅಮೆರಿಕದಲ್ಲಿದೆ. ಅದು ಅಲ್ಲಿ ಕುಂಬಳದ ಬಳ್ಳಿಯ ಕಾಂಡವನ್ನು ಕೊರೆಯುತ್ತದೆ. ಸಾಗರಗಳು ಬೇರ್ಪಡಿಸಿದರೂ ಒಂದೇ ಜಾತಿಗೆ ಸೇರಿದ ಈ ಪತಂಗಗಳು ಆರಿಸಿಕೊಂಡುದು ಒಂದೇ ಸಸ್ಯಕುಟುಂಬವನ್ನು. ಬಂಧುತ್ವ ಸರಿಯಾಗಿ ತಿಳಿದರೆ, ಒಂದನ್ನು ಕುರಿತ ಜ್ಞಾನ ಇನ್ನೊಂದರ ನಡತೆಯನ್ನು ಊಹಿಸಲು ನೆರವಾಗುತ್ತದೆ. ಬೇರೊಂದು ಪ್ರಭೇದವು ಯೂರೋಪಿನಿಂದ ಕರಂಟ್ ಹಣ್ಣಿನ ಗಿಡಗಳೊಡನೆ ನ್ಯೂಜಿಲೆಂಡ್ ಮೊದಲಾದ ದೂರದ ದೇಶಗಳನ್ನು ಸೇರಿ ಪೀಡೆಯಾಯಿತು. ಕಾಂಡದೊಳಗೆ ಅಡಗಿದ ಹುಳು ಯಾವುದೆಂದು ಗುರುತಿಸಬಲ್ಲವರಿದ್ದರೆ ಮಾತ್ರ ಇಂತಹ ಪ್ರಯಾಣವನ್ನು ತಡೆಯಬಹುದು.

ಒಂದೇ ಪ್ರಭೇದದ ಗಂಡು ಹೆಣ್ಣುಗಳೂ ಕೆಲವೊಮ್ಮೆ ಬೇರೆ ಬೇರೆಯಾಗಿ ಕಾಣುತ್ತವೆ. ಅಮೆರಿಕದ ಪೀಚ್ ಮರಗಳ ಬುಡವನ್ನು ಕೊರೆಯುವ ಸಿನಾಂತಿಡಾನ್ ಎಕ್ಸಿಟಿಯೋಸ ಎಂಬ ಪತಂಗದಲ್ಲಿ ಗಂಡಿನ ರೆಕ್ಕೆಗಳು ಪಾರದರ್ಶಕ. ಹೆಣ್ಣಿನ ಮುಂರೆಕ್ಕೆಗಳು ಅಚ್ಚ ನೀಲಗಪ್ಪು, ಒಡಲಿಗೆ ಕಿತ್ತಳೆ ಬಣ್ಣದ ಪಟ್ಟಿ. ಮನುಷ್ಯನ ಕಣ್ಣಿಗೆ ಇವು ಎರಡು ಪ್ರಭೇದಗಳಂತೆ ತೋರಬಹುದು. ಆದರೆ ಪತಂಗಗಳು ತಮ್ಮವರನ್ನು ಅರಸುವುದು ಮುಖ್ಯವಾಗಿ ವಾಸನೆಯಿಂದ. ಹೆಣ್ಣು ಗಾಳಿಗೆ ಬಿಡುವ ಅತ್ಯಲ್ಪ ಪ್ರಮಾಣದ ರಾಸಾಯನಿಕವನ್ನು ಗಂಡು ತನ್ನ ಕುಡಿಮೀಸೆಗಳಿಂದ ಗ್ರಹಿಸುತ್ತದೆ. 1974ರಲ್ಲಿ ಟಮ್ಲಿನ್‌ಸನ್ ಮತ್ತು ಅವರ ಸಂಗಡಿಗರು ಈ ಪತಂಗದ ಮತ್ತು ಅದರ ಹತ್ತಿರದ ಬಂಧುವಾದ ಇನ್ನೊಂದು ಪತಂಗದ ಆಕರ್ಷಕ ರಾಸಾಯನಿಕಗಳನ್ನು ಕಂಡುಹಿಡಿದರು. ಎರಡರಲ್ಲಿಯೂ ಇದ್ದುವು ಅವೇ ಪರಮಾಣುಗಳು, ಅಷ್ಟೇ ಸಂಖ್ಯೆಯಲ್ಲಿ. ಅಣುವಿನ ಒಂದು ಕಡೆಯ ತಿರುವು ಮಾತ್ರ ಬೇರೆ. ಆ ಒಂದು ತಿರುವು ಎರಡು ಪ್ರಭೇದಗಳು ಬೆರೆಯದಂತೆ ಗೋಡೆಯಾಗಿ ನಿಂತಿತ್ತು.

ಈ ಶೋಧದಿಂದ ಪತಂಗಗಳ ಅಧ್ಯಯನದ ದಾರಿಯೇ ಬದಲಾಯಿತು. ಹಿಂದೆ ಸಂಗ್ರಾಹಕರು ಹುಳು ತಿಂದ ಕೊಂಬೆಗಳನ್ನು ಕಡಿದು ತಂದು, ಪತಂಗ ಹೊರಬರುವ ತನಕ ತಿಂಗಳುಗಟ್ಟಲೆ ಕಾಯುತ್ತಿದ್ದರು. ಈಗ ಪ್ರಯೋಗಾಲಯದಲ್ಲಿ ತಯಾರಿಸಿದ ರಾಸಾಯನಿಕವನ್ನು ಲೇಪಿಸಿದ ಸಣ್ಣ ತುಂಡನ್ನು ತೋಟದಲ್ಲಿ ತೂಗುಹಾಕಿದರೆ ಗಂಡು ಪತಂಗಗಳು ತಾವಾಗಿಯೇ ಅರಸಿ ಬರುತ್ತವೆ. ಅಪರೂಪವೆಂದು ಭಾವಿಸಿದ್ದ ಎಷ್ಟೋ ಪ್ರಭೇದಗಳು ಅಷ್ಟೇನೂ ಅಪರೂಪವಲ್ಲವೆಂದು ತಿಳಿಯಿತು. ತೋಟವೆಲ್ಲ ಅದೇ ವಾಸನೆ ಹರಡಿದರೆ ಗಂಡಿಗೆ ಹೆಣ್ಣಿನ ಜಾಡು ಸಿಗುವುದಿಲ್ಲ. ಹೀಗೆ ಕೀಟನಾಶಕದ ಬಳಕೆಯನ್ನು ಕಡಿಮೆ ಮಾಡಿ ಹಣ್ಣಿನ ಮರಗಳನ್ನು ಕಾಪಾಡಲು ಸಾಧ್ಯವಾಗಿದೆ.

ಆದರೂ ಎಲ್ಲವೂ ತಿಳಿದುಹೋಯಿತೆಂದು ಹೇಳುವಂತಿಲ್ಲ. 1887ರಲ್ಲಿ ಸುಮಾತ್ರ ದ್ವೀಪದಲ್ಲಿ ಹಿಡಿದ ಒಂದು ಗಾಜುರೆಕ್ಕೆಯ ಪತಂಗ ವಿಯನ್ನಾ ನಗರದ ವಸ್ತುಸಂಗ್ರಹಾಲಯವನ್ನು ಸೇರಿತ್ತು. 1916ರಲ್ಲಿ ಲೆ ಸೆರ್ಫ್ ಎಂಬ ವಿದ್ವಾಂಸರು ಅದನ್ನು ವರ್ಣಿಸಿ ಹೆಟರೋಸ್ಫೀಸಿಯ ಟವನಾಯ್ಡಿಸ್ ಎಂದು ಹೆಸರಿಟ್ಟರು. ಆ ಒಂದು ಶಿಥಿಲವಾದ ಮಾದರಿಯ ಹೊರತು ಆ ಪ್ರಭೇದದ ವಿಷಯವಾಗಿ ಮತ್ತೇನೂ ತಿಳಿದಿರಲಿಲ್ಲ. 2013ರಲ್ಲಿ ಪೋಲೆಂಡಿನ ಸಂಶೋಧಕಿ ಮಾರ್ತಾ ಸ್ಕೊವ್ರೊನ್ ವೊಲ್ಪೊನಿ ಅವರು ಮಲೇಷಿಯದ ಮಳೆಕಾಡಿನಲ್ಲಿ, ನದಿಯ ದಡದ ತೇವದಿಂದ ಲವಣವನ್ನು ಹೀರುತ್ತಿದ್ದ ನೀಲಿ ಹೊಳಪಿನ ಪತಂಗಗಳನ್ನು ಕಂಡರು. ಜೇನ್ನೊಣಗಳ ನಡುವೆ ಅವುಗಳಂತೆಯೇ ಝೇಂಕರಿಸುತ್ತ ಹಾರುತ್ತಿದ್ದ ಆ ಪತಂಗಗಳು ವಿಯನ್ನಾದ ಮಾದರಿಯ ಬಂಧುಗಳೇ ಎಂಬುದು ಪರಿಶೀಲನೆಯಿಂದ ದೃಢವಾಯಿತು. 2017ರಲ್ಲಿ ಈ ವಿಷಯ ಪ್ರಕಟವಾಯಿತು. ನೂರಿಪ್ಪತ್ತಾರು ವರ್ಷಗಳ ಬಳಿಕ ಆ ಪ್ರಭೇದ ಜೀವಂತವಾಗಿ ಕಾಣಿಸಿಕೊಂಡಿತ್ತು. ಹಳೆಯ ಮಾದರಿಯನ್ನು ಜೋಪಾನವಾಗಿ ಕಾಪಾಡಿರದಿದ್ದರೆ, ಅದನ್ನು ಹಿಡಿದ ಸ್ಥಳವನ್ನೂ ವರ್ಷವನ್ನೂ ದಾಖಲಿಸಿರದಿದ್ದರೆ, ನದಿಯ ದಡದಲ್ಲಿ ಕಂಡದ್ದು ಯಾವುದೆಂದು ಹೇಳುವವರಿರುತ್ತಿರಲಿಲ್ಲ.

ಬ್ರಿಟಿಷ್ ಭಾರತದ ಪತಂಗಗಳನ್ನು ಕುರಿತ ಗ್ರಂಥಮಾಲೆಯ ಮೊದಲ ಸಂಪುಟವನ್ನು 1892ರಲ್ಲಿ ಪ್ರಕಟಿಸಿದ ಜಾರ್ಜ್ ಹ್ಯಾಂಪ್ಸನ್ ಅವರು ನೀಲಗಿರಿಗೆ ಬಂದುದು ಚಹದ ತೋಟಗಾರರಾಗಿ. ಸುತ್ತಲಿನ ಬೆಟ್ಟಗಳ ಪತಂಗಗಳೇ ಅವರನ್ನು ವಿಜ್ಞಾನಿಯನ್ನಾಗಿ ಮಾಡಿದವು. ಈ ವಿದ್ಯೆಗೆ ಮೊದಲು ಬೇಕಾದುದು ದುಬಾರಿಯ ಉಪಕರಣವಲ್ಲ. ಕಂಡುದನ್ನು ಮತ್ತೊಮ್ಮೆ ನೋಡುವ ತಾಳ್ಮೆ, ನೋಡಿದುದನ್ನು ಕಂಡಂತೆಯೇ ಬರೆದಿಡುವ ಪ್ರಾಮಾಣಿಕತೆ. ಬೇಲಿಯ ಹೂವಿನ ಮೇಲೆ ಕಣಜದಂತಹ ಕೀಟವೊಂದು ಕುಳಿತಾಗ ಅದು ಕಣಜವೇ ಎಂದು ನಿಶ್ಚಯಿಸಿ ಮುಂದೆ ಹೋಗುವುದು ಸುಲಭ. ದೂರದಲ್ಲಿಯೇ ನಿಂತು, ಅದರ ಬಾಯಿ ಎಂತಹುದು, ಕುಡಿಮೀಸೆ ಹೇಗಿದೆ, ಯಾವ ಗಿಡಕ್ಕೆ ಬಂದಿದೆ ಎಂದು ಗಮನಿಸಿ, ದಿನಾಂಕದೊಡನೆ ಬರೆದಿಡುವ ಹುಡುಗನೋ ಹುಡುಗಿಯೋ ಮುಂದೊಂದು ದಿನ ಯಾರೂ ಅರಿಯದ ಪ್ರಭೇದವೊಂದರ ಮೊದಲ ಸಾಕ್ಷಿಯಾಗಬಹುದು.

ಅಭ್ಯಾಸ

1. ಗಾಜುರೆಕ್ಕೆಯ ಪತಂಗಗಳ ರೆಕ್ಕೆ ಪಾರದರ್ಶಕವಾಗಿರಲು ಕಾರಣವೇನು?
2. ಬೇಟ್ಸರು ಅಮೆಜಾನ್ ಕಾಡುಗಳಲ್ಲಿ ಗಮನಿಸಿದ ಸಂಗತಿ ಯಾವುದು? ಅದರಿಂದ ಅವರು ಯಾವ ತೀರ್ಮಾನಕ್ಕೆ ಬಂದರು?
3. "ವೇಷ ಒಂದೇ, ಮನೆತನ ಮೂರು." ಈ ಮಾತನ್ನು ಪಾಠದ ಉದಾಹರಣೆಗಳಿಂದ ವಿವರಿಸಿರಿ.
4. ವರ್ಗೀಕರಣವು ಕೇವಲ ಹೆಸರುಗಳ ಪಟ್ಟಿಯಲ್ಲ ಎಂಬುದನ್ನು ಸಮರ್ಥಿಸಿರಿ.
5. ನಿಮ್ಮ ಊರಿನಲ್ಲಿ ಕಾಣುವ ಒಂದು ಕೀಟವನ್ನು ಒಂದು ವಾರ ಗಮನಿಸಿ, ಸ್ಥಳ, ದಿನಾಂಕ ಮತ್ತು ಗಿಡದ ಹೆಸರಿನೊಡನೆ ಟಿಪ್ಪಣಿ ಬರೆಯಿರಿ.