ಕಾರಿನ ಸೀಟಿನ ಹೊಲಿಗೆ ಬಿಟ್ಟಿದೆಯೇ? ಕೈಯಲ್ಲೇ ಹೊಲಿಯಲು 12 ಸೂತ್ರಗಳು

ಕಾರು ಹಳತಾಗುತ್ತಿದ್ದಂತೆ ಡ್ರೈವರ್ ಸೀಟಿನ ಬಾಗಿಲ ಬದಿಯ ಅಂಚಿನಲ್ಲಿ ಹೊಲಿಗೆ ಬಿಡತೊಡಗುತ್ತದೆ. ಹತ್ತುವಾಗ, ಇಳಿಯುವಾಗ ಮೈಭಾರ ಉಜ್ಜಿಕೊಂಡು ಹೋಗುವುದು ಅಲ್ಲಿಯೇ. ಬಿಸಿಲು, ಬೆವರು ಸೇರಿ ದಾರವನ್ನು ಸವೆಸುವುದೂ ಅಲ್ಲಿಯೇ. ಎಷ್ಟೋ ಸಲ ಹೋಗಿರುವುದು ದಾರ ಮಾತ್ರ, ಚರ್ಮ ಗಟ್ಟಿಯಾಗಿಯೇ ಇರುತ್ತದೆ. ಅದಕ್ಕಾಗಿ ಇಡೀ ಹೊದಿಕೆ ಬದಲಿಸಬೇಕಿಲ್ಲ. ಬಾಗಿದ ಸೂಜಿ, ಸರಿಯಾದ ದಾರ, ಭಾನುವಾರದ ಒಂದು ಬೆಳಗ್ಗೆ ಸಾಕು. ಗುಟ್ಟು ಒಂದೇ: ಕಾರ್ಖಾನೆಯ ಯಂತ್ರ ಬಿಟ್ಟುಹೋದ ತೂತುಗಳನ್ನೇ ಬಳಸಬೇಕು, ಹೊಸದನ್ನು ಕೊರೆಯಬಾರದು.

1. ಮೊದಲು ಏರ್‌ಬ್ಯಾಗ್ ಎಲ್ಲಿದೆ ನೋಡಿ
ಇಂದಿನ ಅನೇಕ ಕಾರುಗಳಲ್ಲಿ ಮುಂದಿನ ಸೀಟಿನ ಒರಗುಭಾಗದ ಹೊರಬದಿಯಲ್ಲಿ ಸೈಡ್ ಏರ್‌ಬ್ಯಾಗ್ ಇರುತ್ತದೆ. ಅಲ್ಲಿ ‘ಏರ್‌ಬ್ಯಾಗ್’ ಎಂದು ಬರೆದ ಪುಟ್ಟ ಪಟ್ಟಿ ಕಾಣುತ್ತದೆ. ಆ ಬದಿಯ ಹೊಲಿಗೆಯನ್ನು ಅಪಘಾತದ ಕ್ಷಣದಲ್ಲಿ ತಾನಾಗಿಯೇ ಬಿಚ್ಚಿಕೊಳ್ಳುವಂತೆ ರೂಪಿಸಿರುತ್ತಾರೆ. ಅದನ್ನು ಗಟ್ಟಿ ದಾರದಿಂದ ಹೊಲಿದರೆ ಬ್ಯಾಗು ಹೊರಬರುವ ದಾರಿಯನ್ನೇ ಮುಚ್ಚಿದಂತೆ. ಆ ಹೊಲಿಗೆ ಬಿಟ್ಟಿದ್ದರೆ ಕಂಪನಿಯ ಸರ್ವಿಸ್ ಸೆಂಟರಿಗೇ ಹೋಗಿ. ಕೆಲವು ಕಾರುಗಳಲ್ಲಿ ಕೂರುವ ಭಾಗದಲ್ಲೂ ಏರ್‌ಬ್ಯಾಗ್ ಇರುತ್ತದೆ. ಹಾಗಾಗಿ ಸೂಜಿ ಹಿಡಿಯುವ ಮುನ್ನ ಕಾರಿನ ಕೈಪಿಡಿ ತೆರೆಯಿರಿ.

2. ಹರಿದದ್ದು ಏನೆಂದು ಗುರುತಿಸಿ
ಸೀಳನ್ನು ಬೆರಳಿಂದ ಅಗಲಿಸಿ ನೋಡಿ. ಎರಡೂ ಅಂಚಿನಲ್ಲಿ ತೂತುಗಳು ಸಾಲಾಗಿ, ದುಂಡಗೆ ಉಳಿದಿದ್ದರೆ ದಾರ ಮಾತ್ರ ಹೋಗಿದೆ. ಇದು ನಿಮ್ಮ ಕೈಯಲ್ಲಾಗುವ ಕೆಲಸ. ತೂತುಗಳು ಉದ್ದಕ್ಕೆ ಹಿಗ್ಗಿದ್ದರೆ, ಅಥವಾ ಒಂದಕ್ಕೊಂದು ಸೇರಿ ಗೀರಿನಂತಾಗಿದ್ದರೆ ಚರ್ಮವೇ ಸೋತಿದೆ. ಅಂಥದ್ದಕ್ಕೆ 11ನೇ ಸೂತ್ರ ನೋಡಿ.

3. ಚರ್ಮವೋ, ರೆಕ್ಸಿನ್ನೋ?
‘ಲೆದರ್ ಸೀಟ್’ ಎನ್ನುವುದೆಲ್ಲ ಚರ್ಮವಲ್ಲ. ಬಿಚ್ಚಿದ ಅಂಚಿನ ಹಿಂಬದಿ ನೋಡಿ: ನಾರು ನಾರಾಗಿ ಮೆತ್ತಗಿದ್ದರೆ ಚರ್ಮ, ನೇಯ್ದ ಬಟ್ಟೆ ಕಂಡರೆ ಲೆದರೆಟ್ ಅಥವಾ ರೆಕ್ಸಿನ್. ನೀರ ಹನಿ ಹಾಕಿ ಪರೀಕ್ಷಿಸುವುದು ಇಲ್ಲಿ ನಂಬಿಕೆಗೆ ತಕ್ಕದ್ದಲ್ಲ. ಕಾರಿನ ಚರ್ಮಕ್ಕೆ ಮೇಲೆ ಬಣ್ಣದ ಲೇಪ ಇರುವುದರಿಂದ ಅದೂ ನೀರು ಹೀರುವುದಿಲ್ಲ. ಹೊಲಿಯುವ ಕ್ರಮ ಎರಡಕ್ಕೂ ಒಂದೇ, ಆದರೆ ರೆಕ್ಸಿನ್ನನ್ನು ಬೆಚ್ಚಗೆ ಮಾಡುವಾಗ (6ನೇ ಸೂತ್ರ) ಶಾಖ ಕಡಿಮೆ ಇರಲಿ, ಎಳೆತ ಹಗುರವಾಗಿರಲಿ.

4. ಮನೆಯ ಹೊಲಿಗೆ ದಾರ ಬೇಡ
ಹತ್ತಿಯ ದಾರ ಬೆವರಿಗೆ ಕೊಳೆಯುತ್ತದೆ. ಬಾಂಡೆಡ್ ನೈಲಾನ್ ಅಥವಾ ಬಾಂಡೆಡ್ ಪಾಲಿಯೆಸ್ಟರ್ ದಾರ ಕೇಳಿ. ಬಿಸಿಲು ತಡೆಯುವುದರಲ್ಲಿ ಪಾಲಿಯೆಸ್ಟರ್ ಮೇಲು. ಸೀಟಿಗೆ ಸಾಮಾನ್ಯವಾಗಿ ಟೆಕ್ಸ್ 70ರಿಂದ 135ರವರೆಗಿನ ದಪ್ಪ ಹೊಂದುತ್ತದೆ. ಹಳೆಯ ದಾರದ ತುಂಡೊಂದನ್ನು ಅಂಗಡಿಗೆ ಒಯ್ದರೆ ಬಣ್ಣ, ದಪ್ಪ ಎರಡೂ ಅಲ್ಲೇ ತೀರ್ಮಾನವಾಗುತ್ತದೆ. ಬೆಂಗಳೂರಿನವರು ಜೆ.ಸಿ. ರಸ್ತೆಯ ಸೀಟ್ ಕವರ್ ಅಂಗಡಿಗಳಲ್ಲಿ ವಿಚಾರಿಸಬಹುದು. ಬೇರೆ ಊರಿನವರು ಕುಶನ್ ಕೆಲಸದವರನ್ನು ಕೇಳಲಿ. ಬಿಟ್ಟ ಉದ್ದದ ನಾಲ್ಕೈದು ಪಟ್ಟು ದಾರ ಕತ್ತರಿಸಿಕೊಳ್ಳಿ.

5. ಬಾಗಿದ ಸೂಜಿಯೇ ಅರ್ಧ ಕೆಲಸ
ಸೀಟು ಬಿಚ್ಚದೆ ಹೊರಗಿನಿಂದಲೇ ಹೊಲಿಯಲು ಅರ್ಧಚಂದ್ರಾಕಾರದ ಸೂಜಿ ಬೇಕು. ನೇರ ಸೂಜಿ ಫೋಮಿನೊಳಗೆ ಹೋದರೆ ತಿರುಗಿ ಬರುವುದಿಲ್ಲ. ಸೂಜಿಯ ತುದಿ ತೀರಾ ಚೂಪಾಗಿರದಿದ್ದರೆ ಒಳ್ಳೆಯದು. ಅದು ಹಳೆಯ ತೂತನ್ನೇ ಹುಡುಕಿಕೊಂಡು ಹೋಗುತ್ತದೆ, ಪಕ್ಕದಲ್ಲಿ ಚುಚ್ಚುವುದಿಲ್ಲ. ಸೂಜಿ ಎಳೆಯಲು ಸಣ್ಣ ಇಕ್ಕಳ, ಬೆರಳಿಗೆ ದರ್ಜಿಗಳು ಹಾಕುವ ಲೋಹದ ಟೋಪಿ ಇದ್ದರೆ ಕೈ ನೋಯದು.

6. ಸ್ವಚ್ಛ ಮಾಡಿ, ಬೆಚ್ಚಗೆ ಮಾಡಿ
ಹಳೆಯ ದಾರದ ಚೂರುಗಳನ್ನು ಚಿಮಟದಿಂದ ಒಂದೊಂದಾಗಿ ಕೀಳಿ. ಸೌಮ್ಯವಾದ ಸೋಪುನೀರಿನ ಒದ್ದೆಬಟ್ಟೆಯಿಂದ ಒರೆಸಿ ಒಣಗಿಸಿ. ಕಾರನ್ನು ಸ್ವಲ್ಪ ಹೊತ್ತು ಬಿಸಿಲಿಗೆ ನಿಲ್ಲಿಸಿದರೆ ಅಥವಾ ಹೇರ್ ಡ್ರೈಯರ್‌ನ ಹದವಾದ ಗಾಳಿ ಬಿಟ್ಟರೆ ಚರ್ಮ ಮೆದುವಾಗಿ ಅಂಚುಗಳು ಸುಲಭವಾಗಿ ಕೂಡುತ್ತವೆ. ಗುಂಡುಸೂಜಿ ಮಾತ್ರ ಚುಚ್ಚಬೇಡಿ. ಬಟ್ಟೆಗೆ ಬಿದ್ದ ತೂತು ಮುಚ್ಚಿಕೊಳ್ಳುತ್ತದೆ, ಚರ್ಮಕ್ಕೆ ಬಿದ್ದದ್ದು ಹಾಗೇ ಉಳಿಯುತ್ತದೆ.

7. ಗಟ್ಟಿ ಹೊಲಿಗೆಯಿಂದಲೇ ಶುರುಮಾಡಿ
ಬಿಟ್ಟ ಜಾಗದಿಂದಲ್ಲ, ಅದಕ್ಕೂ ಎರಡು-ಮೂರು ಸೆಂಟಿಮೀಟರ್ ಹಿಂದಿನಿಂದ ಆರಂಭಿಸಿ. ಗಂಟು ಒಳಬದಿಯಲ್ಲಿ ಅಡಗಿರಲಿ. ಸವೆದ ದಾರ ಅಲ್ಲಿಗೇ ನಿಲ್ಲುವುದಿಲ್ಲ. ಗಟ್ಟಿ ಇರುವ ಕೆಲವು ಹೊಲಿಗೆಗಳನ್ನೂ ಸೇರಿಸಿ ಹಿಡಿಯದಿದ್ದರೆ ನಿಮ್ಮ ಕೆಲಸದ ಪಕ್ಕದಲ್ಲೇ ಮತ್ತೆ ಬಿಚ್ಚಿಕೊಳ್ಳುತ್ತದೆ.

8. ಏಣಿ ಹೊಲಿಗೆ ಹಾಕಿ
ಎಡ ಅಂಚಿನ ತೂತಿನಿಂದ ಹೊರಬಂದ ಸೂಜಿ ನೇರ ಎದುರಿನ ಬಲ ತೂತಿಗೆ ಇಳಿಯಲಿ. ಒಳಗೊಳಗೇ ಬಲಬದಿಯ ಮುಂದಿನ ತೂತಿಗೆ ಸಾಗಿ ಹೊರಬರಲಿ. ಅಲ್ಲಿಂದ ಎಡಕ್ಕೆ ದಾಟಲಿ, ಎಡಬದಿಯಲ್ಲಿ ಒಂದು ತೂತು ಮುಂದೆ ಹೋಗಲಿ. ಬಿಗಿಯುವ ತನಕ ದಾರ ಏಣಿಯ ಮೆಟ್ಟಿಲುಗಳಂತೆ ಕಾಣುತ್ತದೆ. ಬಿಗಿದ ಮೇಲೆ ಕಣ್ಣಿಗೇ ಬೀಳುವುದಿಲ್ಲ. ಒಂದು ತೂತನ್ನೂ ಬಿಡಬೇಡಿ. ಒಂದು ತಪ್ಪಿದರೂ ಎದುರುಬದುರಿನ ಲೆಕ್ಕ ಜಾರಿ, ಕೊನೆಗೆ ಒಂದು ಬದಿಯ ಚರ್ಮ ಸುಕ್ಕುಗಟ್ಟುತ್ತದೆ. ಅಂಚಿನಲ್ಲಿ ಪೈಪಿಂಗ್ ಇದ್ದರೆ ಅದರ ಪಟ್ಟಿಯನ್ನೂ ಸೇರಿಸಿ ಹೊಲಿಯಿರಿ. ಸೂಜಿ ಫೋಮಿನ ಆಳಕ್ಕೆ ಇಳಿಯದಿರಲಿ. ಬಿಸಿಯಾಗುವ ಅಥವಾ ಗಾಳಿಯಾಡುವ ಸೀಟಾದರೆ ಅಡಿಯಲ್ಲಿ ತಂತಿ, ಪದರಗಳಿರುತ್ತವೆ.

9. ಎಳೆಯುವುದರಲ್ಲಿದೆ ನೈಪುಣ್ಯ
ನಾಲ್ಕೈದು ಹೊಲಿಗೆ ಹಾಕಿ, ಆಮೇಲೆ ಬಿಗಿಯಿರಿ. ದಾರವನ್ನು ಮೇಲಕ್ಕೆ ಜಗ್ಗಬೇಡಿ, ಹೊಲಿಗೆಯ ಸಾಲಿನ ದಿಕ್ಕಿಗೇ ಎಳೆಯಿರಿ. ಅಡ್ಡಕ್ಕೆ ಎಳೆದ ನೈಲಾನ್ ದಾರ ಚರ್ಮವನ್ನು ಕೊಯ್ದುಬಿಡುತ್ತದೆ. ಇನ್ನೊಬ್ಬರು ಪಕ್ಕದಲ್ಲಿ ಕೂತು ಅಂಗೈಯಿಂದ ಫೋಮ್ ಅದುಮಿ ಹಿಡಿದರೆ ಅಂಚುಗಳ ಮೇಲಿನ ಸೆಳೆತ ಇಳಿಯುತ್ತದೆ. ಅಂಚುಗಳು ಕೂಡಿದ ಕೂಡಲೇ ನಿಲ್ಲಿಸಿ. ಅದಕ್ಕಿಂತ ಬಿಗಿದರೆ ಸುಕ್ಕು, ಸಡಿಲ ಬಿಟ್ಟರೆ ಬಾಯಿ.

10. ಹಿಂದಕ್ಕೆ ಬಂದು ಮುಗಿಸಿ
ಬಿಟ್ಟ ಜಾಗ ದಾಟಿ ಮತ್ತೆ ಎರಡು-ಮೂರು ಸೆಂಟಿಮೀಟರ್ ಹೋಗಿ, ಬಳಿಕ ಮೂರು-ನಾಲ್ಕು ತೂತು ಹಿಂದಕ್ಕೆ ಹೊಲಿದು ಗಂಟು ಹಾಕಿ. ದಾರದ ತುದಿಯನ್ನು ಒಳಕ್ಕೆ ತಳ್ಳಿಬಿಡಿ. ಲೈಟರಿನಿಂದ ತುದಿ ಕರಗಿಸುವುದು ರೂಢಿ. ಆದರೆ ರೆಕ್ಸಿನ್ ಹತ್ತಿರ ಬೆಂಕಿ ತರಬೇಡಿ. ಹೊರಗೆ ಕಾಣುವ ಅಲಂಕಾರದ ಮೇಲ್‌ಹೊಲಿಗೆ ಮಾತ್ರ ಹೋಗಿದ್ದರೆ ಒಂದು ತೂತಿನಲ್ಲಿ ಮೇಲೆ, ಮುಂದಿನದರಲ್ಲಿ ಕೆಳಗೆ ಹೊಲಿಯುತ್ತ ಹೋಗಿ. ಅದೇ ತೂತುಗಳಲ್ಲಿ ಮರಳಿ ಬಂದು ಖಾಲಿ ಜಾಗ ತುಂಬಿದರೆ ಯಂತ್ರದ ಹೊಲಿಗೆಯಂತೆಯೇ ಕಾಣುತ್ತದೆ.

11. ತೂತು ಹರಿದಿದ್ದರೆ ತೇಪೆ ಒಳಗೆ
ಚರ್ಮವೇ ಸೀಳಿದ್ದರೆ ಹಿಂಬದಿಗೆ ತೆಳುವಾದ, ಗಟ್ಟಿಯಾದ ಬಟ್ಟೆಯ ತೇಪೆ ತೂರಿಸಿ, ಒಣಗಿದ ಮೇಲೂ ಬಾಗುವ ಅಂಟಿನಿಂದ ಕೂರಿಸಿ. ಪೂರ್ತಿ ಒಣಗಿದ ಮೇಲೆ ಚರ್ಮ, ತೇಪೆ ಎರಡನ್ನೂ ಸೇರಿಸಿ ಹೊಲಿಯಿರಿ. ಹೊಸ ತೂತು ಅನಿವಾರ್ಯವಾಗುವುದು ಇಲ್ಲಿ ಮಾತ್ರ. ಅವುಗಳ ನಡುವೆ ಮೂರು-ನಾಲ್ಕು ಮಿಲಿಮೀಟರ್ ಅಂತರವಿರಲಿ. ಒತ್ತೊತ್ತಾಗಿ ಚುಚ್ಚಿದರೆ ಚರ್ಮ ಆ ಗೆರೆಗುಂಟ ಹರಿಯುತ್ತದೆ. ಕ್ಷಣದಲ್ಲಿ ಕಚ್ಚುವ ಸೂಪರ್ ಗ್ಲೂ ಬೇಡ. ಅದು ಗಾಜಿನಂತೆ ಗಟ್ಟಿಯಾಗಿ, ಕೂತಾಗ ಒಡೆದು, ಅಂಚನ್ನೂ ಕೆಡಿಸುತ್ತದೆ.

12. ಮತ್ತೆ ಬಿಡದಂತೆ ನೋಡಿಕೊಳ್ಳಿ
ಅಂಚಿನ ಮೇಲೆ ಜಾರಿ ಇಳಿಯುವ ಬದಲು ಮೈ ಎತ್ತಿ ಇಳಿಯಿರಿ. ಹಿಂಜೇಬಿನಲ್ಲಿ ಬೀಗದ ಕೈ ಇಟ್ಟುಕೊಂಡು ಕೂರಬೇಡಿ. ಬಿಸಿಲಲ್ಲಿ ನಿಲ್ಲಿಸುವಾಗ ಗಾಜಿಗೆ ಪರದೆ ಹಾಕಿ. ಸ್ಯಾನಿಟೈಸರಿನಿಂದ ಸೀಟು ಒರೆಸಿದರೆ ಬಣ್ಣದ ಲೇಪ ಏಳುತ್ತದೆ.

ಒಂದು ಗೇಣಿನೊಳಗಿನ ಹೊಲಿಗೆಯಾದರೆ ಧೈರ್ಯವಾಗಿ ನೀವೇ ಕೂರಿ. ಅದಕ್ಕಿಂತ ಉದ್ದವಿದ್ದರೆ, ಫೋಮ್ ಪುಡಿಯಾಗಿದ್ದರೆ ಅಥವಾ ಸೀಟನ್ನೇ ಕಳಚಬೇಕಾದರೆ ಕುಶನ್ ಕೆಲಸದವರಿಗೆ ಒಪ್ಪಿಸಿ. ಸೀಟಿನಡಿಯ ಹಳದಿ ಕನೆಕ್ಟರ್‌ಗಳು ಏರ್‌ಬ್ಯಾಗಿನವು, ಅವನ್ನು ತಿಳಿಯದೆ ಮುಟ್ಟಬಾರದು. ಏನೇ ಮಾಡಿದರೂ ತಡಮಾಡಬೇಡಿ. ಇವತ್ತು ಮೂರು ತೂತು ಬಿಟ್ಟಿರುವಾಗ ಸೂಜಿ ಹಿಡಿದರೆ ದಾರದ ಖರ್ಚಷ್ಟೇ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಎತ್ತುವ ಸ್ಥಿತಿ ತಂದುಕೊಳ್ಳಬೇಡಿ.