ಹಾಕಿಯ ಕೋಲೂ ಹೆಣ್ಣುಮಕ್ಕಳೂ

ಶಿವಮೊಗ್ಗ, ಭದ್ರಾವತಿಗಳ ನಮ್ಮ ಬಾಲಿಕೆಯರು ನೆಲದ ಮೇಲೆ ಕೋಲಿನಿಂದ ಚೆಂಡನ್ನು ಅಟ್ಟುವಂತೆ, ಶೀತದೇಶದವರು ಮಂಜುಗಡ್ಡೆಯ ಮೇಲೆ ಜಾರುತ್ತಾ ರಬ್ಬರಿನ ಬಿಲ್ಲೆಯನ್ನು ಅಟ್ಟುವರು. ಇದೇ ಐಸ್ ಹಾಕಿ. ಎರಡನೆಯ ಮಹಾಯುದ್ಧವು ಮುಗಿದ ತರುವಾಯ, 1947ರಲ್ಲಿ, ಇದರ ಜಾಗತಿಕ ಪಂದ್ಯಗಳು ಪ್ರಾಗ್ ನಗರದಲ್ಲಿ ಪುನಃ ನಡೆದು ಜೆಕೊಸ್ಲೊವಾಕಿಯವು ಗೆದ್ದಿತು. ಆಡಿದವರೆಲ್ಲರೂ ಪುರುಷರು. ಸ್ತ್ರೀಯರ ಮೊದಲ ಅಧಿಕೃತ ಜಾಗತಿಕ ಪಂದ್ಯಗಳು ಕೆನಡಾದ ಒಟ್ಟಾವದಲ್ಲಿ ನಡೆದುದು 1990ರಲ್ಲಿ.

ನೆಲದ ಹಾಕಿಯ ಸಂಗತಿಯೂ ಅಂತೆಯೇ. ಒಲಿಂಪಿಕ್ ಕ್ರೀಡೆಗಳಲ್ಲಿ ಪುರುಷರು 1908ರಲ್ಲಿಯೇ ಆಡಿದರು. ಸ್ತ್ರೀಯರು 72 ವರ್ಷ ಕಾದು 1980ರಲ್ಲಿ ಮಾಸ್ಕೋದಲ್ಲಿ ಆಡಿದರು. ಅಲ್ಲಿ ಭಾರತದ ಸ್ತ್ರೀಯರು ನಾಲ್ಕನೆಯ ಸ್ಥಾನವನ್ನು ಪಡೆದರು. ಬಾಗಿಲು ತೆರೆಯುವುದಕ್ಕೆ ಮೊದಲೇ ಅವರು ಆಟವನ್ನು ಕಲಿತಿದ್ದರಷ್ಟೆ!

ಆದುದರಿಂದ, ತಾಯಿತಂದೆಗಳೇ, ಹೆಣ್ಣಿಗೆ ಆಟವೇತಕ್ಕೆಂದು ಮಕ್ಕಳನ್ನು ಬಯಲಿನಿಂದ ಕರೆದೊಯ್ಯಬೇಡಿರೆಂದು ಬಿನ್ನವಿಸುತ್ತೇವೆ.