ಸಹಪಾಠಿಗಳ ಕಿರುಕುಳ ಮತ್ತು ಮಗುವಿನ ಮನಸ್ಸು

ಸೋಮವಾರ ಬೆಳಿಗ್ಗೆ ಮಾತ್ರ ಹೊಟ್ಟೆನೋವೆನ್ನುವ ಮಗುವನ್ನು ಅನೇಕ ತಂದೆತಾಯಿಗಳು ಬಲ್ಲರು. ವೈದ್ಯರು ಪರೀಕ್ಷಿಸಿ ದೋಷವೇನೂ ಇಲ್ಲವೆನ್ನುತ್ತಾರೆ. ಮಗು ನಟಿಸುತ್ತಿದೆಯೆಂದು ಮನೆಯವರು ತೀರ್ಮಾನಿಸುತ್ತಾರೆ. ಆದರೆ ನೋವು ನಿಜವಾದದ್ದೇ. ಮನಸ್ಸಿನ ಭಯವು ದೇಹದಲ್ಲಿ ಕಾಣಿಸಿಕೊಳ್ಳುವುದು ಮಕ್ಕಳಲ್ಲಿ ಬಹು ಸಾಮಾನ್ಯ. ಆ ಭಯಕ್ಕೆ ಕಾರಣ ಗಣಿತದ ಪಾಠವಿರಬಹುದು. ಎಷ್ಟೋ ವೇಳೆ ಹಿಂದಿನ ಬೆಂಚಿನ ಸಹಪಾಠಿಯೂ ಆಗಿರಬಹುದು.

ಬಲಶಾಲಿ ಹುಡುಗರು ದುರ್ಬಲರನ್ನು ಕಾಡುವುದು ಶಾಲೆಗಳಷ್ಟೇ ಹಳೆಯದು. ಅದರ ಶಾಸ್ತ್ರೀಯ ಅಧ್ಯಯನವಾದರೋ ಈಚಿನದು. ಸ್ವೀಡನ್ನಿನಲ್ಲಿ ಹುಟ್ಟಿ ನಾರ್ವೆಯ ಬರ್ಗೆನ್ ನಗರದಲ್ಲಿ ದುಡಿದ ಮನಃಶಾಸ್ತ್ರಜ್ಞ ಡಾನ್ ಓಲ್ವೇಯಸ್ 1970ರ ದಶಕದಲ್ಲಿ ಇದಕ್ಕೆ ಅಡಿಗಲ್ಲು ಹಾಕಿದರು. ನೋಯಿಸುವ ಉದ್ದೇಶ, ಮತ್ತೆ ಮತ್ತೆ ನಡೆಯುವಿಕೆ, ಬಲದಲ್ಲಿ ಅಸಮಾನತೆ — ಈ ಮೂರೂ ಕೂಡಿದಲ್ಲಿ ಅದು ಆಟದ ಜಗಳವಲ್ಲ, ಕಿರುಕುಳ ಎಂದು ಅವರು ವಿಂಗಡಿಸಿದರು. 1982ರ ಕೊನೆಯಲ್ಲಿ ನಾರ್ವೆಯ ಮೂವರು ಬಾಲಕರು ಆತ್ಮಹತ್ಯೆ ಮಾಡಿಕೊಂಡರು. ಸಹಪಾಠಿಗಳ ಹಿಂಸೆಯೇ ಕಾರಣವಿರಬೇಕೆಂಬ ಸುದ್ದಿ ದೇಶವನ್ನೇ ಕಲಕಿತು. ಮರುವರ್ಷ ಸರಕಾರವು ರಾಷ್ಟ್ರವ್ಯಾಪಿ ಆಂದೋಲನವನ್ನು ಕೈಗೊಂಡಿತು. ಬರ್ಗೆನ್ನಿನ 42 ಶಾಲೆಗಳ ಸುಮಾರು 2,500 ಮಕ್ಕಳಲ್ಲಿ ನಡೆಸಿದ ಅಧ್ಯಯನದಲ್ಲಿ, ಎರಡು ವರ್ಷಗಳಲ್ಲಿ ಕಿರುಕುಳವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದುದು ಕಂಡುಬಂತು. ಮಾಡಿದ್ದೇನೂ ಪವಾಡವಲ್ಲ: ಬಿಡುವಿನ ವೇಳೆಯಲ್ಲಿ ಅಧ್ಯಾಪಕರ ಮೇಲ್ವಿಚಾರಣೆ, ತರಗತಿಗೊಂದು ಸ್ಪಷ್ಟ ನಿಯಮ, ಕಾಡುವವನೊಡನೆಯೂ ಕಾಡಿಸಿಕೊಂಡವನೊಡನೆಯೂ ಪ್ರತ್ಯೇಕ ಮಾತುಕತೆ.

ಹೀಗೆ ಕಾಡಿಸಿಕೊಂಡ ಮಗು ಮೊದಲು ಮೌನಿಯಾಗುತ್ತದೆ. ನಿದ್ರೆ ಕೆಡುತ್ತದೆ, ಊಟದ ಡಬ್ಬಿ ತುಂಬಿದಂತೆಯೇ ಮರಳುತ್ತದೆ, ಅಂಕಗಳು ಕುಸಿಯುತ್ತವೆ. ಶಾಲೆಯಲ್ಲಿ ನುಂಗಿದ ಅವಮಾನವನ್ನು ಮನೆಯಲ್ಲಿ ತಂಗಿಯ ಮೇಲೆ ತೀರಿಸಿಕೊಳ್ಳುವುದೂ ಉಂಟು. ಆಗ ಪೆಟ್ಟು ಬೀಳುವುದು ಮತ್ತೆ ಅದಕ್ಕೇ! ಎಲ್ಲಕ್ಕಿಂತ ಕೆಟ್ಟದ್ದೆಂದರೆ, ತನ್ನಲ್ಲೇ ಏನೋ ಕುಂದಿದೆಯೆಂಬ ನಂಬಿಕೆ ಬೇರೂರುವುದು. ಬ್ರಿಟನ್ನಿನಲ್ಲಿ 1958ರ ಒಂದೇ ವಾರದಲ್ಲಿ ಜನಿಸಿದ ಮಕ್ಕಳನ್ನು ದಶಕಗಳ ಕಾಲ ಅನುಸರಿಸಿದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ವರದಿಯಂತೆ, ಬಾಲ್ಯದಲ್ಲಿ ಪದೇ ಪದೇ ಕಿರುಕುಳ ಅನುಭವಿಸಿದವರಲ್ಲಿ ನಡುವಯಸ್ಸಿನಲ್ಲೂ ಖಿನ್ನತೆ, ಆತಂಕಗಳು ಇತರರಿಗಿಂತ ಹೆಚ್ಚಾಗಿದ್ದುವು. "ದೊಡ್ಡವನಾದ ಮೇಲೆ ಎಲ್ಲ ಸರಿಹೋಗುತ್ತದೆ" ಎನ್ನುವ ಹಿರಿಯರು ಈ ಲೆಕ್ಕವನ್ನು ಗಮನಿಸಬೇಕು.

ಕಾಡುವ ಮಗುವಿಗೂ ಇದರಿಂದ ಹಿತವಿಲ್ಲ. ಬಲದಿಂದ ಬೇಕಾದುದನ್ನು ಪಡೆಯಬಹುದೆಂದು ಕಲಿತವನು ಮುಂದೆ ಕಾನೂನಿನೊಡನೆ ತಗಾದೆಗೆ ಬೀಳುವ ಸಂಭವ ಅಧಿಕ.

ವರ್ಗಾವಣೆಯ ನೌಕರಿಯಲ್ಲಿರುವವರ ಮಕ್ಕಳ ಪಾಡು ಸ್ವಲ್ಪ ಬೇರೆ. ಧಾರವಾಡದಿಂದಲೋ ಶಿವಮೊಗ್ಗದಿಂದಲೋ ವರ್ಷದ ನಡುವೆ ಮುಂಬಯಿಗೆ, ದೆಹಲಿಗೆ ಬಂದ ಮಗುವಿಗೆ ಹಿಂದಿ ತಡವರಿಸುತ್ತದೆ, ಉಚ್ಚಾರಣೆ ಬೇರೆಯಾಗಿರುತ್ತದೆ, ಗೆಳೆಯರ ಗುಂಪುಗಳು ಆಗಲೇ ಕಟ್ಟಿಕೊಂಡಿರುತ್ತವೆ. "ಮದ್ರಾಸಿ" ಎಂಬ ಒಂದು ಕರೆ ತಮಾಷೆಯಾಗಿರಬಹುದು. ದಿನಕ್ಕೆ ಹತ್ತು ಸಲ, ವರ್ಷಪೂರ್ತಿ ಕೇಳಿದರೆ ಅದು ತಮಾಷೆಯಲ್ಲ. ಮನೆಯ ಭಾಷೆಯಲ್ಲಿ ಮಾತನಾಡಲು ನಾಚುವ ಮಕ್ಕಳಲ್ಲಿ ಕೆಲವರಾದರೂ ಈ ಹಾದಿಯಲ್ಲಿ ಬಂದವರು. ಮೊದಲು ಶಾಲೆಯ ಗೇಟಿನಲ್ಲಿ ಮುಗಿಯುತ್ತಿದ್ದ ಗೇಲಿಯು ಈಗ ಮೊಬೈಲಿನ ಮೂಲಕ ರಾತ್ರಿ ಮಲಗುವ ಕೋಣೆಗೂ ಬರುತ್ತದೆ.

"ನೀನೂ ಎರಡು ಬಾರಿಸು" ಎಂಬ ತಂದೆಯ ಸಲಹೆ ಸಾಮಾನ್ಯ. ಬಲದಲ್ಲಿ ಅಸಮಾನತೆ ಇರುವಲ್ಲಿ ಅದು ಕೆಲಸ ಮಾಡದು. "ಯಾಕೆ ಸುಮ್ಮನಿದ್ದೆ?" ಎಂದು ಗದರಿಸುವುದಕ್ಕಿಂತ "ಬಿಡುವಿನಲ್ಲಿ ಯಾರ ಜೊತೆ ಕುಳಿತಿದ್ದೆ?" ಎಂದು ಕೇಳಿದರೆ ಮಗು ಬಾಯಿ ಬಿಡುತ್ತದೆ. ಕಿರುಕುಳ ತಡೆಗೆ ಶಾಲೆಗಳಲ್ಲಿ ಸಮಿತಿಯಿರಬೇಕೆಂದು ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿಯು 2015ರಲ್ಲಿ ಸುತ್ತೋಲೆ ಹೊರಡಿಸಿದೆ. ನಿದ್ರೆ, ಊಟ ವಾರಗಟ್ಟಲೆ ಕೆಟ್ಟಿದ್ದರೆ ಅಥವಾ ಮಗು ಸಾಯುವ ಮಾತನಾಡಿದರೆ ತಡಮಾಡದೆ ಮನೋವೈದ್ಯರನ್ನು ಕಾಣಬೇಕು; 14416 ಸಂಖ್ಯೆಯ ಟೆಲಿ ಮಾನಸ್ ದೂರವಾಣಿಯಲ್ಲಿ ಕನ್ನಡದಲ್ಲೂ ಸಲಹೆ ದೊರೆಯುತ್ತದೆ. ಉಳಿದಂತೆ, ನಡೆದುದನ್ನು ದಿನಾಂಕ ಸಹಿತ ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟು ತರಗತಿಯ ಅಧ್ಯಾಪಕರನ್ನು ಕಾಣುವುದು ಲೇಸು. "ಮಕ್ಕಳಾಟ ಬಿಡಿ" ಎಂಬ ಉತ್ತರವನ್ನು ನಾಲ್ಕು ದಿನಾಂಕಗಳ ಮುಂದೆ ಹೇಳುವುದು ಕಷ್ಟ.